ಕೌದಿಗೆ ಊಟ ಹಾಕಿದ ಅತ್ತೆ

ನಮ್ಮತ್ತೆಗೆ ತಲೆ ಕೆಟ್ಟಿರಲಿಲ್ಲ. ಹಂಗಂತ ಹರಿಹರದಾಗೆ ಹೇಳತಿದ್ದವಳು ನಾನೊಬ್ಬಳೇ!

ಹೊಸ ಮಡಿಕೆ ತಂದರೆ ಮೊದಲು ಅದಕ್ಕೊಂದು ಹಿಡಿ ಜೋಳ. ಬೀಸೋ ಕಲ್ಲು ಖಾಲಿ ಕೂತಿದ್ದರೆ "ಪಾಪ, ಬಾಯಿ ಒಣಗೈತೆ" ಅಂತ ನಾಲ್ಕು ಕಾಳು. ಮಾವನ ಹೊಸ ಟ್ರಂಕಿಗೂ ಬೆಲ್ಲ ಉಣಿಸಿದ್ದರು. ಯಾರದೋ ಮದುವೆಗೆ ಅಂತ ಅದರಿಂದ ತೆಗೆದ ಅಂಗಿ ತುಂಬ ಇರುವೆ! ಮಾವ ಊಟದ ಪಂಕ್ತಿಯಲ್ಲಿ ಕುಣಿದಿದ್ದನ್ನ ಯಾರು ಮರೀತಾರೆ?

ಹೊಲಗಳಿಗೆ ಭದ್ರಾ ಕಾಲುವೆ ನೀರು ಬಂದ ವರ್ಷ ಅದು. ನನ್ನ ಮೂರು ತಿಂಗಳ ಕೂಸು ತೀರಿಹೋಯ್ತು. ಅಳೋದು ನಿಂತಮೇಲೂ ನನಗೆ ಅನ್ನ ಇಳೀಲಿಲ್ಲ. ಬಳೆ ಮೊಣಕೈತನಕ ಜಾರತಿದ್ದವು. ಹಿಂಗೇ ಆದರೆ ಇವಳೂ ಉಳಿಯಲ್ಲ ಅಂದರು ಡಾಕ್ಟರು. ಎಲ್ಲರೂ ತಿನ್ನು ತಿನ್ನು ಅಂತ ಬೈದರು. ಅತ್ತೆ ಮಾತ್ರ ಬೈಯಲಿಲ್ಲ. ಒಂದು ದಿನ ರೊಟ್ಟಿ, ಚಟ್ನಿ ಗಂಟು ಕಟ್ಟಿ, "ನಡಿ ದಾವಣಗೆರೆಗೆ. ಕೈಯಾಗೆ ಮಾಡಿದ ಸಾಮಾನಿನ ಮ್ಯೂಸಿಯಂ ಐತಂತೆ" ಅಂದರು. ರೈಲು ಹತ್ತಿದ್ವಿ.

ಒಳಗೆ ಬುಟ್ಟಿ, ಮೊರ, ಕಂಬಳಿ, ಮರದ ಬೊಂಬೆ. ಹಳೇ ಕಾಲದ್ದಲ್ಲ, ಎಲ್ಲಾ ಆಗತಾನೆ ಮಾಡಿದ್ದೇ.

"ಇಂಥ ಮೊರ ನಮ್ಮನೇಲಿ ಮೂರು ಐದಾವೆ. ಒಬ್ಬರೂ ನೋಡಾಕೆ ಬರಲಿಲ್ಲಲ್ಲ!" ಅಂದರು ಅತ್ತೆ, ಕಾವಲುಗಾರನಿಗೆ ಕೇಳೋ ಹಂಗೆ.

ಗೋಡೆ ಮೇಲೊಂದು ಹೊಸ ಕೌದಿ. ಹಳೇ ಸೀರೆ ಸೇರಿಸಿ ಕೌದಿ ಹೊಲಿದರೆ, ಕೊನೇ ಮೂಲೆ ಮುಚ್ಚೋ ಮುಂಚೆ ಒಳಗೊಂದು ರೊಟ್ಟಿ ಚೂರು ಇಡೋದು ನಮ್ಮ ಮನೆ ಪದ್ಧತಿ. ಹೊದಿಯೋದು ಹಸಿದಿರಬಾರದು. ಅತ್ತೆ ನಾಲ್ಕೂ ಮೂಲೆ ಹಿಚುಕಿ ನೋಡಿದರು.

"ಅಯ್ಯೋ! ಉಪವಾಸ ನೇತು ಹಾಕ್ಯಾರೆ!"

ಸೆರಗಿಗೆ ಸಿಕ್ಕಿಸಿದ್ದ ದಾರದ ಸೂಜಿ ತೆಗೆದು ಹೊಲಿಗೆ ಬಿಚ್ಚೇಬಿಟ್ಟರು. ಕಾವಲುಗಾರ ಓಡಿ ಬಂದ.

"ಅಜ್ಜೀ, ಮುಟ್ಟಬ್ಯಾಡ್ರಿ! ಸಾಹೇಬ್ರು ಬೈತಾರೆ."

"ಎಲ್ಲಿ ನಿಮ್ಮ ಸಾಹೇಬ್ರು?"

"ಉಣ್ಣಾಕೆ ಹೋಗ್ಯಾರೆ."

"ಅವರು ಉಣಬೌದು, ಇದು ಉಣಬಾರದೇನು? ಹಿಡ್ಕ ಈ ದಾರ."

ಹಿಡ್ಕೊಂಡ! ಅಷ್ಟು ದಪ್ಪ ಮೀಸೆಯ ಗಂಡಸು!

ಅತ್ತೆ ರೊಟ್ಟಿ ಮುರಿದು ಒಂದು ಚೂರು ಒಳಗಿಟ್ಟು ಹೊಲಿದರು. ಉಳಿದಿದ್ದಕ್ಕೆ ಚಟ್ನಿ ಹಚ್ಚಿ ನನ್ನ ಬಾಯಿ ಹತ್ತಿರ ಹಿಡಿದರು. ತಿನ್ನು ಅನ್ನಲಿಲ್ಲ.

ಬಾಯಿ ತೆರೆದೆ. ಅಗಿದೆ. ನುಂಗಿದೆ.

"ಚಟ್ನಿಗೆ ಉಪ್ಪು ಕಮ್ಮಿ ಐತೆ" ಅಂದೆ.

ತನ್ನ ಅಡಿಗೆಗೆ ಕೊರತೆ ಹೇಳಿದರೆ ವಾರಗಟ್ಟಲೆ ಮಾತು ಬಿಡೋ ಹೆಂಗಸು. "ಹೌದೇನವ್ವಾ? ಕಮ್ಮಿ ಐತೇನವ್ವಾ?" ಅಂತ ನೆಲಕ್ಕೆ ಕೂತು, ಕಾವಲುಗಾರನ ಎದುರಿಗೇ ಅತ್ತುಬಿಟ್ಟರು.