ವಿಳಂಬಕ್ಕೆ ಕಾರಣ

ಶಹಾಪುರದ ಕಚೇರಿಯಲ್ಲಿ ಯಾರಿಗೆ ನೋಟೀಸು ಬಂದರೂ ಸಮಜಾಯಿಷಿ ಬರೆದುಕೊಡುವವನು ಗುಮಾಸ್ತ ಮನ್ಸೂರಅಲಿ. ತಡವಾಗಿ ಬಂದವರನ್ನು ರಸ್ತೆ ತಡೆಯಲ್ಲಿ ಸಿಕ್ಕಿಸುತ್ತಿದ್ದ. ಬಾರದೇ ಉಳಿದವರಿಗೆ ವಾಂತಿಭೇದಿ ದಯಪಾಲಿಸುತ್ತಿದ್ದ. "ಕಾರಣ ಇಲ್ಲದ ತಪ್ಪು ಈ ಭೂಮಿ ಮ್ಯಾಲ ಹುಟ್ಟಿಲ್ರಿ. ಹುಟ್ಟಿದ್ರ ನನ್ನ ಕಡಿ ಕಳಸ್ರಿ" ಎನ್ನುತ್ತಿದ್ದ.

ಅಂಥವನ ಕೈಗೆ ಹೆಂಡತಿ ರುಕ್ಸಾನಾ ಮುಟ್ಟಿಸಿ ಬರಲೆಂದು ಅರ್ಜಿಯೊಂದನ್ನು ಕೊಟ್ಟು ಹದಿನೈದು ದಿನವಾಗಿತ್ತು. ಯಾದಗಿರಿಯ ತರಬೇತಿ ಕೇಂದ್ರದಲ್ಲಿ ಹೊಲಿಗೆ ಕಲಿಸುವ ಕೆಲಸ. ಹನ್ನೊಂದು ವರ್ಷ ತಮ್ಮ ಓಣಿಗೆಲ್ಲ ಕುಪ್ಪಸ ಹೊಲಿದವಳಿಗೆ ಒಮ್ಮೆಯಾದರೂ ಟೀಚರ್ ಅನ್ನಿಸಿಕೊಳ್ಳುವ ಆಸೆ. ಕೊನೆಯ ದಿನ ದಾಟಿದ ಮರುದಿನ, ಸ್ಕೂಟರಿನ ಡಿಕ್ಕಿಯಲ್ಲಿ ನಿಂಬೆಹಣ್ಣು ಹುಡುಕಲು ಹೋದವಳಿಗೆ ಅದೇ ಅರ್ಜಿ ಸಿಕ್ಕಿತು.

ಅವರ ಮನೆಯ ಮಾತು ಉರ್ದು. ಜಗಳ ಮಾತ್ರ ಕನ್ನಡದಲ್ಲಿ, ಓಣಿಗೂ ತಿಳಿಯಲೆಂದು.

"ಇದು ಯಾಕ ಇಲ್ಲೇ ಅದ? ಸಬಬ್ ಹೇಳ್ರಿ."

"ಸರ್ವರ್ ಡೌನ್ ಇತ್ತು."

"ಕೈಯಾಗ ಕೊಡೂ ಅರ್ಜಿರೀ ಇದು."

"ಅಲ್ಲಿ ಸಾಹೇಬ್ರು ರಜಾ ಇದ್ರು."

"ಬಾಜೂಮನಿ ಮಲ್ಲೇಶ್ವರಿ ಮೊನ್ನಿ ಹೋಗಿ ಕೊಟ್ಟು ಬಂದಾಳ."

"ಆಕಿ ಗಟ್ಟಿ ಹೆಂಗಸು. ನೀ ದಿನಾ ಬಸ್ಸಿನ್ಯಾಗ ಒದ್ದಾಡೂದು ನೋಡಾಕ ನನ್ನ ಜೀವ ತಡಿಯಂಗಿಲ್ಲ. ನಿನ್ನ ಸಲುವಾಗೇ ಇಟ್ಕೊಂಡೆ."

ಇಷ್ಟು ಹೇಳುವಷ್ಟರಲ್ಲಿ ಅದು ಅವನಿಗೇ ನಿಜವೆನಿಸಿ ಕಣ್ಣು ಒದ್ದೆಯಾಯಿತು. ಅಸಲು ಸಂಗತಿ ಬೇರೆ. ಮಧ್ಯಾಹ್ನದ ಬಿಸಿ ರೊಟ್ಟಿ ತಪ್ಪುತ್ತದೆಂಬ ಭಯ. ಅದನ್ನವನು ತನಗೂ ಹೇಳಿಕೊಂಡಿರಲಿಲ್ಲ.

"ನಮ್ಮ ಅಮ್ಮೀ ಮನ್ಯಾಗ ಸಬಬ್ ಅಂದ್ರ ಕಾರಣ. ನಿಮ್ಮ ಬಾಯಾಗ ಬಿದ್ದು ಅದು ಸಬೂಬು ಆಗ್ಯದ" ಎಂದಳು ರುಕ್ಸಾನಾ. ಅವಳಿಗೆ ಅಳು ಬರಲಿಲ್ಲ, ಅಸಹ್ಯ ಬಂತು.

ಅಷ್ಟರಲ್ಲಿ ಮಲ್ಲೇಶ್ವರಿ ಗೋಡೆಯಾಚೆಯಿಂದಲೇ ಸುದ್ದಿ ಕೊಟ್ಟಳು: ಮೂರು ದಿನದೊಳಗಾದರೆ, ತಡವಾದದ್ದಕ್ಕೆ ಕಾರಣ ಬರೆದುಕೊಟ್ಟರೆ ಅರ್ಜಿ ತೆಗೆದುಕೊಳ್ಳುತ್ತಾರಂತೆ. ಮನ್ಸೂರಅಲಿಗೆ ಹೋದ ಜೀವ ಬಂತು. ತನ್ನದೇ ಅಖಾಡ! ಪೆನ್ನು ತೆಗೆದು ಎರಡು ಪುಟ ಜಡಿದ: 'ಅರ್ಜಿದಾರಳು ತೀವ್ರ ಅನಾರೋಗ್ಯದ ನಿಮಿತ್ತ ಹಾಸಿಗೆ ಹಿಡಿದಿದ್ದರಿಂದ...'

ರುಕ್ಸಾನಾ ಕೊನೆಯ ತನಕ ಓದಿದಳು. ಹದಿನೈದು ದಿನವೂ ಮಿಷನ್ ತುಳಿದು, ರೊಟ್ಟಿ ಬಡಿದು, ಇವನ ಅಂಗಿಗೆ ಇಸ್ತ್ರಿ ಹಾಕಿದವಳು ಹಾಸಿಗೆ ಹಿಡಿದಿದ್ದಳಂತೆ.

"ಇದರಾಗೂ ತಪ್ಪು ನಂದ ಆತಲ್ರೀ" ಎಂದಳು. ಆ ಎರಡೂ ಹಾಳೆ ಮಡಚಿ ಅವನ ಜೇಬಿಗೆ ತುರುಕಿ, ಅರ್ಜಿಯ ಖಾಲಿ ಜಾಗದಲ್ಲಿ ತಾನೇ ಏನೋ ಬರೆದಳು.

ಮರುದಿನ ಯಾದಗಿರಿಯ ಕೌಂಟರಿನಲ್ಲಿ ಕೂತಿದ್ದ ಹೆಂಗಸು ಅರ್ಜಿ ಓದಿದಳು. ರುಕ್ಸಾನಾಳನ್ನು ನೋಡಿದಳು, ಹಿಂದೆ ನಿಂತಿದ್ದ ಮನ್ಸೂರಅಲಿಯನ್ನು ನೋಡಿದಳು, ಒಂದು ಮಾತೂ ಕೇಳದೆ ಠಸ್ಸೆ ಒತ್ತಿದಳು. ಇಪ್ಪತ್ತು ವರ್ಷದಲ್ಲಿ ಅವನ ಒಂದು ಸಮಜಾಯಿಷಿಯನ್ನೂ ಯಾವ ಸಾಹೇಬರೂ ಮರುಪ್ರಶ್ನೆಯಿಲ್ಲದೆ ಒಪ್ಪಿದ್ದಿಲ್ಲ. ಹೊಟ್ಟೆಕಿಚ್ಚು ತಡೆಯದೆ ಕತ್ತು ಚಾಚಿ ನೋಡಿದ.

ವಿಳಂಬಕ್ಕೆ ಕಾರಣ: ಗಂಡ.