ಗೋದಾಮಿನಲ್ಲಿ ಇಟ್ಟ ಸುಪ್ರಿತಾ

ಮೊದಲು ಒಂದು ಒಗಟು. ಗೋಣಿಯಲ್ಲಿ ಕಟ್ಟಿಟ್ಟರೆ ಬೆಲೆ ಏರುತ್ತದೆ, ಬಾಯಿ ಬಿಟ್ಟರೆ ಅಧ್ಯಕ್ಷರಿಗೆ ಕೆಮ್ಮು ಬರುತ್ತದೆ, ಪಿಯುಸಿಯಲ್ಲಿ ತೊಂಬತ್ತೆಂಟು ಪರ್ಸೆಂಟು ಉಂಟು. ಎಂತ ಅದು? ಅಡಿಕೆ ಅಂತ ಹೇಳಬೇಡಿ. ಅಡಿಕೆ ಎಷ್ಟು ಒಳ್ಳೆ ಜಾತಿಯದ್ದಾದರೂ ಪಿಯುಸಿ ಪರೀಕ್ಷೆಗೆ ಕೂತದ್ದಿಲ್ಲ. ನಿಮಗೆ ಉತ್ತರ ಬರಲಿಕ್ಕಿಲ್ಲ. ಹತ್ತನೇ ಕ್ಲಾಸಿನಲ್ಲಿ ನನಗೂ ಯಾವುದಕ್ಕೂ ಬರಲಿಲ್ಲ, ಬೇಸರ ಮಾಡಬೇಡಿ.

ತ್ರಿತಾಲೂಕು ಅಡಿಕೆ ದಾಸ್ತಾನು ಸಹಕಾರಿ ಸಂಘದ ಬೈಲಾ ಪ್ರಕಾರ, ಬೆಳೆದ ಮಾಲನ್ನು ಬೆಳೆದ ವರ್ಷವೇ ಮಾರುವುದು ಸದಸ್ಯತ್ವಕ್ಕೆ ತಕ್ಕುದಾದ ನಡತೆಯಲ್ಲ. ಹೊಸ ಅಡಿಕೆಗೆ ಒಂದು ಬೆಲೆ. ಅದನ್ನೇ ಎರಡು ಮಳೆಗಾಲ ಗೋದಾಮಿನಲ್ಲಿ ಇಟ್ಟರೆ ಅದು ಡಬ್ಬಲ್ ಚೋಲು, ಅದಕ್ಕೆ ಬೇರೆಯೇ ಬೆಲೆ. ಸಂಘದ ಅಧ್ಯಕ್ಷರಾದ ಬೆಟ್ಟಂಪಾಡಿಯ ತ್ಯಾಂಪಣ್ಣ ರೈಗಳು ಜೀವಮಾನದಲ್ಲಿ ಏನನ್ನೂ ಅವಸರದಲ್ಲಿ ಮಾರಿದವರಲ್ಲ. ಹೊಸ ಅಂಗಿಯನ್ನೂ ಎರಡು ವರ್ಷ ಕಪಾಟಿನಲ್ಲಿ ಇಟ್ಟೇ ಹಾಕುವವರು.

ಸುಪ್ರಿತಾ ಅವರ ಮೊಮ್ಮಗಳು. ಮುಂಬಯಿಯ ಒಂದು ವಿಶ್ವವಿದ್ಯಾಲಯ ಅವಳಿಗೆ ಫೈನಾನ್ಸ್ ಡಿಗ್ರಿಗೆ ಸೀಟು ಕೊಟ್ಟಿತ್ತು. ಸೋಮವಾರದೊಳಗೆ ಫೀಸು ಕಟ್ಟದಿದ್ದರೆ ಆ ಸೀಟು ಇನ್ನೊಬ್ಬರಿಗೆ. ಅವಳಿಗೆ ಬೇಕಾದದ್ದು ಅದೊಂದೇ. ಅಜ್ಜನಿಗೆ ಮಾತ್ರ ಮೊದಲು ವಿಷಯ ಅರ್ಥವಾಗಬೇಕಿತ್ತು.

"ಈ ಫೈನಾನ್ಸ್ ಅಂದ್ರೆ ಎಂತ ಮಗಾ?"

"ಒಬ್ಬರ ಹಣ ತಂದು ಇನ್ನೊಬ್ಬರ ಕೈಯಲ್ಲಿ ಇಡುದು ಅಜ್ಜ. ಮಧ್ಯದಲ್ಲಿ ನಾವು ಕಮಿಷನ್ ತಗೊಳ್ಳುದು."

"ಹಾಗಾದ್ರೆ ನಮ್ಮ ಮೂಸಕುಂಞಿ ಎಂತ ಡಿಗ್ರಿ ಮಾಡಿದ್ದಾನೆ?"

ಮೂಸಕುಂಞಿ ಪುತ್ತೂರಿನ ಅಡಿಕೆ ವ್ಯಾಪಾರಿ. ಅವರು ಯಾವ ಡಿಗ್ರಿಯನ್ನೂ ಮಾಡಿರಲಿಲ್ಲ. ಈ ಅರ್ಹತೆಯನ್ನು ಪರಿಗಣಿಸಿ ಅವರನ್ನು ಸಂಘದ ವಿಶ್ವವಿದ್ಯಾಲಯ ಆಯ್ಕೆ ಉಪಸಮಿತಿಗೆ ತಜ್ಞರನ್ನಾಗಿ ನೇಮಿಸಲಾಯಿತು. ಉಪಸಮಿತಿ ಯಾಕೆ ಅಂತ ಯಾರೂ ಕೇಳಲಿಲ್ಲ. ಸಭೆಗೆ ಭತ್ಯೆ ಉಂಟು, ಊಟವೂ ಉಂಟು. ಮೈಕು ಕಟ್ಟುವವ ನಾನು, ಹಾಗಾಗಿ ಕೇಳಿದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಸುಪ್ರಿತಾ ಎಲ್ಲ ವಿಶ್ವವಿದ್ಯಾಲಯಗಳ ಬಣ್ಣದ ಪುಸ್ತಕಗಳನ್ನು ಮೇಜಿನ ಮೇಲೆ ಇಟ್ಟಳು. ಮೂಸಕುಂಞಿ ಲಂಡನ್ನಿನದ್ದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಶಬ್ದ ಇಲ್ಲ ರೈಗಳೆ. ಒಡೆದು ನೋಡದೆ ಎಂತ ಹೇಳುದು?"

ಅಡಿಕೆ ಕತ್ತರಿ ತರಿಸಿ ನಡುವಿನಲ್ಲಿ ಕತ್ತರಿಸಲಾಯಿತು. ಒಳಗೆ ಈಜುಕೊಳ, ಒಂದು ಕುದುರೆ, ಹುಲ್ಲಿನ ಮೇಲೆ ಮಲಗಿ ನಗುವ ಮಕ್ಕಳು.

"ತಿರುಳೇ ಇಲ್ಲ. ಕರಿಗೋಟು, ಹಾಳು ಮಾಲು," ಎಂದು ಲಂಡನ್ನನ್ನು ಕಸದ ಬುಟ್ಟಿಯ ಕಡೆ ಬಿಸಾಡಿದರು.

ಡಿಗ್ರಿಗಳ ವಿಂಗಡಣೆ ಸುಲಭವಾಗಿ ಮುಗಿಯಿತು. ಸುಪ್ರಿತಾ ವಿವರಿಸಿದಳು: ಅರ್ಥಶಾಸ್ತ್ರ ಅಂದರೆ ಬೆಲೆ ಯಾಕೆ ಬಿತ್ತು ಅಂತ ಬಿದ್ದ ಮೇಲೆ ಹೇಳುದು. ಗಣಿತ ಅಂದರೆ ಎಷ್ಟು ಬಿತ್ತು ಅಂತ ಹೇಳುದು. ಫೈನಾನ್ಸ್ ಅಂದರೆ ಬೀಳುವ ಮೊದಲು ಇನ್ನೊಬ್ಬನಿಗೆ ದಾಟಿಸುದು. ಫೈನಾನ್ಸ್ ಅವಿರೋಧವಾಗಿ ಆಯ್ಕೆಯಾಯಿತು. ಮುಂಬಯಿಯ ಪುಸ್ತಕದಲ್ಲಿ ಕುದುರೆ ಇರಲಿಲ್ಲವಾದ್ದರಿಂದ ಅದೂ ಪಾಸಾಯಿತು. ಸುಪ್ರಿತಾ ಮೊದಲ ಸಲ ನಕ್ಕಳು.

ಆಗ ಕಾರ್ಯದರ್ಶಿ ಕೃಷ್ಣಮೋಹನ ಫೀಸಿನ ಸಂಗತಿ ಓದಿ ಹೇಳಿದರು. ತ್ಯಾಂಪಣ್ಣ ರೈಗಳು ಕನ್ನಡಕ ತೆಗೆದರು.

"ಕೊಡುದು ನಾವಾ?"

"ಹೌದು ಅಧ್ಯಕ್ಷರೆ."

"ಮಾಲು ಯಾರದ್ದು?"

"ನಿಮ್ಮದೇ."

"ಮಾಲೂ ನಮ್ಮದು, ಹಣವೂ ನಮ್ಮದು? ಇದು ಎಂತ ವ್ಯಾಪಾರ ಮಾರಾಯ್ರೆ! ಮೂಸಕುಂಞಿ, ನೀನು ನನ್ನ ಅಡಿಕೆ ಕೊಂಡುಹೋಗುವಾಗ ನಾನು ನಿನಗೆ ಹಣ ಕೊಟ್ಟದ್ದುಂಟಾ?"

"ಇಲ್ಲ ರೈಗಳೆ. ಕೊಟ್ರೆ ತಗೊಳ್ತಿದ್ದೆ."

"ಹಾಗಾದ್ರೆ ಈಗ ಮಾರ್ಕೆಟ್ ಬಿದ್ದಿದೆ. ಇವಳು ಇನ್ನೂ ಹೊಸ ಮಾಲು. ಎರಡು ಮಳೆಗಾಲ ಇಡುವ. ಮುಂಬಯಿಯವರೇ ಹಣ ಹಿಡ್ಕೊಂಡು ಬೆಟ್ಟಂಪಾಡಿಗೆ ಬರ್ತಾರೆ."

"ಅಜ್ಜ, ನಾನು ಅಡಿಕೆ ಅಲ್ಲ!"

ಅಧ್ಯಕ್ಷರಿಗೆ ಕೆಮ್ಮು ಬಂತು. ಕೆಮ್ಮು ನಿಂತಾಗ ನಿರ್ಣಯ ಅಂಗೀಕಾರವಾಗಿತ್ತು. ಅದರ ಪ್ರತಿಯನ್ನು ನೋಟೀಸು ಬೋರ್ಡಿಗೆ ಹಚ್ಚಲಾಯಿತು:

"ಕುಮಾರಿ ಸುಪ್ರಿತಾ ಎಂಬ ಮಾಲನ್ನು ಡಬ್ಬಲ್ ಚೋಲು ದರ್ಜೆಗೆ ಏರಿಸುವ ಸಲುವಾಗಿ ಸಂಘದ ಗೋದಾಮಿನಲ್ಲಿ ದಾಸ್ತಾನು ಇಡತಕ್ಕದ್ದು. ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ತಿರುವತಕ್ಕದ್ದು. ಇಲಿ, ಹುಳು, ಬೂಷ್ಟು ಹಾಗೂ ಮದುವೆ ದಲ್ಲಾಳಿಗಳಿಂದ ರಕ್ಷಿಸತಕ್ಕದ್ದು. ಊಟದ ಖರ್ಚನ್ನು ಗೋದಾಮು ಬಾಡಿಗೆಯಲ್ಲಿ ಸೇರಿಸತಕ್ಕದ್ದು."

ಸದಸ್ಯರಲ್ಲಿ ಉತ್ಸಾಹ ಹರಡಿತು. ಆಲಂಕಾರಿನ ಇಬ್ಬರು ಸದಸ್ಯರು ತಮ್ಮ ಮಕ್ಕಳನ್ನು ಜೀಪಿನಲ್ಲಿ ತಂದು ಸಾಲಿನಲ್ಲಿ ನಿಲ್ಲಿಸಿದರು. ಕಲ್ಲುಗುಂಡಿಯ ನಿರ್ದೇಶಕ ಮೇದಪ್ಪ ತಮ್ಮ ಮಗ ಸುಜಯ್‌ಗೆ ನಾಲ್ಕು ಮಳೆಗಾಲ ಕೇಳಿದರು.

"ನಲವತ್ತು ಪರ್ಸೆಂಟು ಮಾರಾಯ್ರೆ. ಇವನ ಬೆಲೆ ಇನ್ನು ಏರುದೊಂದೇ ಬಾಕಿ."

ಶನಿವಾರ ಮಹಾಸಭೆ ಸೇರಿತು. ಸೋಮವಾರಕ್ಕೆ ನಡುವೆ ಒಂದು ಭಾನುವಾರ ಮಾತ್ರ ಇತ್ತು. ಗೋದಾಮಿನ ಬಾಗಿಲಿಗೆ ಹಾರ ಹಾಕಿದ್ದರು. ಸುಪ್ರಿತಾ ಎದ್ದು ಮೈಕಿನ ಹತ್ತಿರ ಬಂದಳು. ನಾನು ವಾಲ್ಯೂಮು ಏರಿಸಿದೆ.

"ಗೋದಾಮಿನಲ್ಲಿ ಇಟ್ಟ ಮಾಲಿನ ಮೇಲೆ ಸಂಘ ಸಾಲ ಕೊಡ್ತದಲ್ವಾ ಕಾರ್ಯದರ್ಶಿಗಳೆ?"

"ಕೊಡ್ತದೆ. ಬೆಲೆಯ ಮುಕ್ಕಾಲು ಪಾಲು," ಎಂದರು ಕೃಷ್ಣಮೋಹನ.

"ನನ್ನನ್ನು ಇಡ್ತೀರಿ ಅಲ್ವಾ? ನನ್ನ ಮೇಲೆ ನನಗೆ ಸಾಲ ಕೊಡಿ. ಅದರಲ್ಲಿ ನಾನು ಮುಂಬಯಿಗೆ ಹೋಗ್ತೇನೆ."

"ಅದು ಹೇಗೆ ಆಗ್ತದೆ ಮಗಾ?" ತ್ಯಾಂಪಣ್ಣ ರೈಗಳು ಕೇಳಿದರು. "ಮಾಲು ಗೋದಾಮಿನಲ್ಲಿ ಇರಬೇಕಲ್ಲ?"

"ರಶೀದಿ ಇದ್ರೆ ಸಾಕು ಅಜ್ಜ. ಹೋದ ವರ್ಷ ನೀವೆಲ್ಲ ಸಾಲ ತೆಗೆದ ಅಡಿಕೆ ಈಗ ಗೋದಾಮಿನಲ್ಲಿ ಉಂಟಾ? ಹಾರ ತೆಗೆದು ಬಾಗಿಲು ತೆರೆದು ನೋಡುವಾ?"

ನಿರ್ದೇಶಕರೆಲ್ಲ ತಲೆಯೆತ್ತಿ ಫ್ಯಾನು ನೋಡಿದರು. ಕರೆಂಟು ಇಲ್ಲದ ಕಾರಣ ಫ್ಯಾನು ತಿರುಗುತ್ತಿರಲಿಲ್ಲ, ಮೈಕು ಬ್ಯಾಟರಿಯದ್ದು. ಸಾಲ ಕೊಡುವ ಅಂತ ಮೇದಪ್ಪ ಎದ್ದು ನಿಂತು ಸೂಚಿಸಿದರು, ಉಳಿದವರು ಒಟ್ಟಿಗೆ ಅನುಮೋದಿಸಿದರು. ಸುಪ್ರಿತಾ ಕಾಗದದಲ್ಲಿ ಗೋದಾಮಿಗೆ, ದೇಹದಲ್ಲಿ ಮುಂಬಯಿಗೆ ಎಂದು ತೀರ್ಮಾನವಾಯಿತು. ಅವಳ ಮುಂದಿನ ಸಂಬಳದಲ್ಲಿ ಸದಸ್ಯರಿಗೆ ಪಾಲು ಕೊಡುವುದೆಂದೂ ಸೇರಿಸಿದ್ದರಿಂದ ಅಜ್ಜ ಅಲ್ಲಿಯೇ ಮೊದಲ ಪಾಲು ಬರೆಸಿಕೊಂಡರು.

ಮೂಸಕುಂಞಿ ಕಣ್ಣೊರೆಸಿಕೊಂಡರು. "ಎಲ್ಲ ಬರ್ತದಲ್ಲ ನಿನಗೆ. ಇನ್ನು ಆ ಡಿಗ್ರಿಯಲ್ಲಿ ಕಲೀಲಿಕ್ಕೆ ಎಂತ ಉಂಟು?"

"ಇದನ್ನೇ ಇಂಗ್ಲಿಷಿನಲ್ಲಿ ಹೇಳ್ಲಿಕ್ಕೆ ಕಲೀಬೇಕು," ಎಂದಳು ಸುಪ್ರಿತಾ.

ಈಗ ಒಂದು ಮಾತು. ಅವಳು ಮೈಕಿನ ಹತ್ತಿರ ಬಂದಲ್ಲಿಂದ ಮುಂದೆ ಎಲ್ಲ ನಾನು ಕಟ್ಟಿದ್ದು. ನಿಜವಾಗಿ ಅವಳು ಬಾಯಿ ತೆರೆಯುವಾಗ ಊಟಕ್ಕೆ ಎಲೆ ಹಾಕಿದ್ದರು, ಸಭೆ ಅಲ್ಲಿಗೆ ಬರ್ಖಾಸ್ತು. ಅವಳು ಗೋದಾಮಿನ ಮೆಟ್ಟಿಲಲ್ಲಿ ಕೂತು ಅಳುವುದನ್ನು ನೋಡಿ, ನಗಿಸುವ ಅಂತ ಈ ಕೊನೆಯನ್ನು ಬರೆದು ಓದಿದೆ. ಹಿಂದೆ ನಿಂತಿದ್ದ ಕೃಷ್ಣಮೋಹನರು ಕಾಗದ ಕಿತ್ತುಕೊಂಡು ಓದಿದರು. ಮುಖ ಬಿಳಿಯಾಯಿತು.

"ಗೋದಾಮು ಖಾಲಿ ಅಂತ ನಿನಗೆ ಯಾರು ಹೇಳಿದ್ದು?"

"ಯಾರೂ ಇಲ್ಲ ಸರ್. ನನ್ನ ತಲೆಯಿಂದ ಬಂದದ್ದು."

ಅವರು ಒಮ್ಮೆ ಬಾಗಿಲಿನ ಹಾರ ನೋಡಿದರು, ಒಮ್ಮೆ ನನ್ನ ಕೈಯಲ್ಲಿದ್ದ ಮೈಕು ನೋಡಿದರು. ಆಮೇಲೆ ಜೇಬಿನಿಂದ ಸೀಲು ತೆಗೆದು ನನ್ನ ಕಾಗದಕ್ಕೇ ಒತ್ತಿದರು. ಸೋಮವಾರ ಆ ಸಾಲದಲ್ಲೇ ಫೀಸು ಕಟ್ಟಿ ಆಯಿತು.

ಹಾಗಾಗಿ ಈ ಕೊನೆಯನ್ನು ನೀವು ನಂಬಬೇಡಿ, ಅದು ಪೂರಾ ನನ್ನ ಸುಳ್ಳು. ಸಂಘದಲ್ಲಿ ಮಾತ್ರ ಅದು ನಡಾವಳಿ. ಮುಂಬಯಿಯಲ್ಲಿರುವ ಸುಪ್ರಿತಾಳನ್ನು ತಿಂಗಳಿಗೊಮ್ಮೆ ಇಲ್ಲಿ ಬಿಸಿಲಿಗೆ ಹಾಕಿ ತಿರುವಿದ್ದಕ್ಕೆ ಮೇದಪ್ಪ ಕೂಲಿ ತಗೊಳ್ಳುತ್ತಿದ್ದಾರೆ.