ಅಳಿಸಿದ ಆಮ್ಲೆಟ್

ಪತ್ರಿಕೆಯ ಮೂಲೆಯಲ್ಲಿದ್ದ ಸುದ್ದಿಯೊಂದು ಉಣಕಲ್ಲಿನ ತ್ರ್ಯಂಬಕನ ಬೆಳಗಿನ ಚಹಾವನ್ನು ಕಹಿ ಮಾಡಿತು. ಯಾವುದೋ ದೂರದೇಶದಲ್ಲಿ ಜನರ ಖಾಸಗಿ ಸಂದೇಶಗಳನ್ನು ಸರ್ಕಾರ ಯಂತ್ರದಿಂದ ಜಾಲಾಡಿಸುವ ಪ್ರಸ್ತಾವವಂತೆ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ತ್ರ್ಯಂಬಕ ಮೊಬೈಲು ಮುಟ್ಟಿ ನೋಡಿಕೊಂಡ.

ಗುಟ್ಟು ಇಷ್ಟೇ. ಮಡಿ ಮನೆಯ ಈ ಮನುಷ್ಯ ಕೇಶ್ವಾಪುರದ ಗೆಳೆಯ ಕಮರುದ್ದೀನನ ಗ್ಯಾರೇಜಿನ ಹಿಂದೆ ಕೂತು ಕದ್ದು ಆಮ್ಲೆಟ್ ತಿನ್ನುತ್ತಿದ್ದ. ಉಳ್ಳಾಗಡ್ಡಿ ಸಣ್ಣಗಿರಲಿ, ಮೆಣಸಿನಕಾಯಿ ಹೆಚ್ಚಿರಲಿ ಎಂದು ನಿನ್ನೆಯಿಂದ ಬರೆದದ್ದೆಲ್ಲ ಮೊಬೈಲಿನಲ್ಲೇ ಇತ್ತು. ಕಮರುದ್ದೀನ 'ವೈನಿ', ಅಂದರೆ ಅತ್ತಿಗೆ, ಎಂದು ಕರೆಯುವ ಹೆಂಡತಿ ರಜನಿಗೆ ತಿಳಿದರೆ ಅಡುಗೆಮನೆಯಷ್ಟೇ ಅಲ್ಲ, ಮನೆಯ ಬಾಗಿಲೇ ಮುಚ್ಚುತ್ತಿತ್ತು.

ಪಕ್ಕದ ಮನೆಯ ಬಿಂದುಮಾಧವರಾಯರು ಕೇಳಿದ್ದಕ್ಕೂ ಕೇಳದ್ದಕ್ಕೂ ಸಲಹೆ ಕೊಡುವವರು. ತ್ರ್ಯಂಬಕ ಅವರ ಬಳಿಗೇ ಓಡಿದ.

"ನಮ್ಮವೂ ಓದ್ತಾರೇನ್ರಿ ಕಾಕಾ?"

"ಇವತ್ತ ಅಲ್ಲೆ, ನಾಳೆ ಇಲ್ಲೆ! ಮುಚ್ಚಿಡೋದು ಏನರೆ ಇದ್ರ ಲಗೂ ಅಳಿಸಿಬಿಡು, ಎರಡೂ ಕಡಿಂದ!"

ಅಲ್ಲೇ ಕೂತು ತ್ರ್ಯಂಬಕ ತಾನು ಬರೆದದ್ದನ್ನೆಲ್ಲ ಒಂದೊಂದಾಗಿ ಅಳಿಸಿದ. ಕಮರುದ್ದೀನ ಬರೆದದ್ದರಲ್ಲಿ ತತ್ತಿಯ ಸುದ್ದಿಯೇ ಇರಲಿಲ್ಲವಾದ್ದರಿಂದ ಅದನ್ನು ಹಾಗೇ ಬಿಟ್ಟ. ಮಧ್ಯಾಹ್ನ ನಿಶ್ಚಿಂತೆಯಿಂದ ಹೋಗಿ ತಿಂದೂ ಬಂದ.

ಅಷ್ಟರಲ್ಲಿ ರಾಯರು ಸುಮ್ಮನಿರಲಾರದೆ ರಜನಿಯ ಕಿವಿ ಊದಿದ್ದರು. "ನಿನ್ನ ಗಂಡ ಏನೋ ಅಳಿಸಲಿಕ್ಕೆ ಹತ್ತಿದ್ದ. ನೋಡ್ಕೋವಾ ತಂಗಿ."

ಸಂಜೆ ಅವಳು ಮೊಬೈಲಿಗೆ ಕೈ ಚಾಚಿದಳು. ಕೊಡದಿದ್ದರೆ ಅನುಮಾನ ಬಂದೀತೆಂದು ತ್ರ್ಯಂಬಕ ಕೊಟ್ಟ. 'ಈ ಸಂದೇಶವನ್ನು ಅಳಿಸಿದ್ದೀರಿ' ಎಂಬ ಸಾಲುಗಳ ನಡುವೆ ಕಮರುದ್ದೀನನ ಎರಡೇ ಮಾತು ಉಳಿದಿದ್ದವು: 'ಮಧ್ಯಾಹ್ನ ಬರ್ರಿ, ಯಾರೂ ಇರಂಗಿಲ್ಲ.' 'ವೈನಿಗೆ ಗೊತ್ತಾಗಬಾರದು ನೋಡ್ರಿ.'

"ಯಾರಕಿ ಅಕಿ?" ಎಂದಳು ರಜನಿ.

ಬಾಗಿಲು ಮುಚ್ಚಿದರೂ ಚಿಂತೆಯಿಲ್ಲ, ಈ ಅಪವಾದ ಬೇಡ ಎನ್ನಿಸಿತು ತ್ರ್ಯಂಬಕನಿಗೆ. "ಯಾರೂ ಇಲ್ಲ ಮಾರಾಯ್ತಿ! ನಾ ಅಲ್ಲೆ ಆಮ್ಲೆಟ್ ತಿಂತೇನಿ!"

"ದಿನಾ ದೇವರಿಗೆ ನೈವೇದ್ಯ ಮಾಡವರು ನೀವು. ಸುಳ್ಳು ಹೇಳಿದ್ರೂ ನಂಬೋಹಂಗ ಹೇಳ್ರಿ."

"ಖರೇನ! ಬೇಕಾದ್ರ ಅವನ್ನ ಕೇಳು!"

ಅವಳು ಅಲ್ಲೇ ಸ್ಪೀಕರ್ ಹಾಕಿ ಫೋನು ಹಚ್ಚಿದಳು. "ಅಣ್ಣಾ, ನಮ್ಮನಿಯವರು ನಿಮ್ಮಲ್ಲೆ ಬಂದು ಆಮ್ಲೆಟ್ ತಿಂತಾರೇನ್ರಿ?"

ಕಮರುದ್ದೀನ ಗೆಳೆಯನಿಗಾಗಿ ಪ್ರಾಣ ಕೊಡುವ ಮನುಷ್ಯ. ಕ್ಷಣವೂ ತಡಮಾಡಲಿಲ್ಲ.

"ತೋಬಾ ತೋಬಾ! ಎಂಥಾ ಮಾತ್ರೀ ವೈನಿ! ಅಂಥಾ ದೇವರಂಥಾ ಮನಶ್ಯಾಗ ತತ್ತಿ ತಿನಸ್ತೇನೇನ್ರಿ? ಅವರು ಈ ಕಡೆ ಬಂದು ವರ್ಷಾತು!"

ರಜನಿ ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಈಗ ಅಕಿ ಹೆಸರು ಹೇಳ್ರಿ."